ಫಂಕ್ಷನ್ ಹಾಲಿನ ಪಾಂಡವರು

ಜಪಾನಿನ ತೋಟ ಅಂದ ಕೂಡಲೇ ಯಾರಾದರೂ ಕಣ್ಣು ಮುಚ್ಚಿ ಆಹಾ, ಎಂಥ ಶಾಂತಿ ಅಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ತೋಟದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ನಾನು ಪ್ರೀತಿಯಿಂದ ಕಲಿತವಳು. ತಾಂಡೂರಿನ ನನ್ನ ನರ್ಸರಿಯಲ್ಲಿ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ, ಕ್ಯೋಟೋದಲ್ಲಿ ಕೆಲಸ ಕಲಿತು ಬಂದ ಮೇಡಂ ಒಬ್ಬರ ಪಾಠವನ್ನು ಫೋನಿನಲ್ಲಿ ಕೇಳುತ್ತಿದ್ದೆ. ಸಣ್ಣ ಜಲ್ಲಿ ಹರಡಿ, ಕುಂಟೆ ಹೊಡೆದಂತೆ ಗೆರೆ ಎಳೆದರೆ ಅದೇ ನೀರು. ಖಾಲಿ ಬಿಟ್ಟ ಜಾಗವೂ ತೋಟವೇ. ನಿಂತಿದ್ದ ಕಲ್ಲನ್ನು ಮಲಗಿಸಿದರೆ ಮನೆಗೆ ಕೇಡು ಎಂದು ಅಲ್ಲಿನ ಹಳಬರು ನಂಬುತ್ತಾರಂತೆ. ಯಾಲಾಲ್ ಕಡೆಯ ಹೊಲದಲ್ಲಿ ಕುರಿ ಸಾಕಿಕೊಂಡಿರುವ ನಮ್ಮವ್ವನಿಗೆ ಇದನ್ನು ಹೇಳಿದರೆ, ಇದರಲ್ಲೇನು ಹೊಸತು ಎಂದುಬಿಟ್ಟಳು.

ಆಮೇಲೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಪಾಲಿಶ್ ಕಾರ್ಖಾನೆಯ ಮಾಲೀಕನೊಬ್ಬ ತನ್ನ ಹೊಸ ಫಂಕ್ಷನ್ ಹಾಲಿನ ಮುಂದೆ ಜಪಾನಿ ತೋಟ ಬೇಕೆಂದು ಬಂದ. ನಾನು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡ. ಖಾಲಿಯಲ್ಲೇ ಚಂದ ಇರುವುದು ಎಂದು ಬಂದವರಿಗೆಲ್ಲ ಪ್ರವಚನ ಕೊಡುತ್ತಿದ್ದ. ಬಿಸಿಲು ಮಳೆ ತಿಂದ ಹೊಲದ ಕಲ್ಲು ಬೇಕು, ಹೊಲದವರನ್ನು ಕೇಳಿಯೇ ತರಬೇಕು ಎಂದು ಅವನಿಗೆ ಎದುರಿಗೇ ಹೇಳಿದ್ದೆ.

ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ನಾನು ಅಲೆಯಂತೆ ಗೆರೆ ಎಳೆದಿದ್ದ ಜಲ್ಲಿಯ ಮೇಲೆ ಐದು ಕಲ್ಲು ಅಡ್ಡಡ್ಡ ಮಲಗಿವೆ. ಕೂಲಿಯವನೊಬ್ಬ ಅವುಗಳ ಮೇಲಿನ ಹಳೇ ಸುಣ್ಣವನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದಾನೆ. ಭುಜ ಮುಕ್ಕಾದ ಸಣ್ಣ ಕಲ್ಲು ನೋಡಿದ್ದೇ ಗುರುತು ಹತ್ತಿತು. ಅದೇ ನಮ್ಮ ಸಹದೇವ. ಐದೂ ಬನ್ನಿ ಗಿಡದ ಬುಡದಲ್ಲಿ ನಿಂತಿದ್ದ ನಮ್ಮ ಹೊಲದ ಪಾಂಡವರು. ಎಳ್ಳಮಾಸೆಗೆ ಅವ್ವ ಇವರಿಗೆ ಸುಣ್ಣ ಬಳಿದು, ಜೋಳದ ದಂಟಿನ ಕೊಂಪೆ ಕಟ್ಟಿ, ಸೊಪ್ಪು ಕಾಳು ಬೇಯಿಸಿದ ಭಜ್ಜಿ, ಅಂಬಲಿ ಎಡೆಯಿಟ್ಟು, ಅದನ್ನೇ ಹೊಲದ ಸುತ್ತ ಚರಗವೆಂದು ಚೆಲ್ಲಿ ಬಂದ ಮೇಲೆಯೇ ನಮಗೆ ಊಟ.

ಮಾಲೀಕನನ್ನು ಕೇಳಿದೆ. ಹೊಲದಲ್ಲಿ ಯಾರೂ ಇರಲಿಲ್ಲವಂತೆ, ಅದಕ್ಕೇ ಟ್ರ್ಯಾಕ್ಟರಿಗೆ ಹೇರಿಸಿದನಂತೆ.

“ಅರೇ, ಕಲ್ಲೇ ಅಲ್ಲೇನಮ್ಮ? ನನ್ನ ಕಾರ್ಖಾನ್ಯಾಗಿಂದು ಪಾಲಿಶ್ ಆಗಿದ್ದು ಐದು ಕಳಸ್ತೀನಿ, ಇಟ್ಕೋರಿ.”

ಎಲ್ಲೋ ದೂರದವರು ಕಲ್ಲಿಗೆ ಕೈಮುಗಿದರೆ ಇವನಿಗೆ ಅದು ಸಂಸ್ಕೃತಿ. ನಮ್ಮವ್ವ ಮುಗಿದರೆ ಕಲ್ಲು ಬರೀ ಕಲ್ಲು, ಬೇಕಾದವರು ಹೊತ್ತುಕೊಂಡು ಹೋಗಬಹುದು. ಬಾಯಿಗೆ ಬಂದಂತೆ ಬೈದೆ. ಅವನು ನಕ್ಕು ಒಳಗೆ ಹೋದ. ಊರ ಹಿರಿಯರು ಹೋಗಿ ಹೇಳಿದರೂ ನೋಡೋಣ ಅಂದನೇ ಹೊರತು ಕೊಡಲಿಲ್ಲ.

ಎಳ್ಳಮಾಸೆ ಬಂತು. ಅವ್ವ ಬುಟ್ಟಿ ತುಂಬಿಕೊಂಡು, ಸುಣ್ಣದ ಗಡಿಗೆ, ಜೋಳದ ದಂಟಿನ ಕಟ್ಟು ನನ್ನ ಕೈಗೆ ಕೊಟ್ಟಳು.

“ದೇವರು ಹೊಲದಾಗ ಇಲ್ಲಂದ್ರ ದೇವರು ಇದ್ದಲ್ಲಿ ನಾವು ಹೋಗಬೇಕು. ನಡಿ.”

ಸಜ್ಜೆ ರೊಟ್ಟಿ, ಭಜ್ಜಿಯ ಬುಟ್ಟಿ ಹೊತ್ತ ಮುದುಕಿಯನ್ನು ಫಂಕ್ಷನ್ ಹಾಲಿನ ಕಾವಲುಗಾರ ಅಡುಗೆಯವಳೆಂದು ಒಳಗೆ ಬಿಟ್ಟ. ಇಬ್ಬರೂ ಸೇರಿ ಕಲ್ಲುಗಳನ್ನು ಎತ್ತಿ ನಿಲ್ಲಿಸಿದೆವು. ಅವ್ವ ಐದಕ್ಕೂ ಕಣ್ಣು ಕುಕ್ಕುವಂತೆ ಸುಣ್ಣ ಬಳಿದು, ಕುಂಕುಮ ಹಚ್ಚಿ, ದಂಟಿನ ಕೊಂಪೆ ಕಟ್ಟಿದಳು. ನಾನು ಎಳೆದ ಅಲೆಗಳನ್ನು ತುಳಿಯುತ್ತ, ಹೊಲದಲ್ಲಿ ಕೂಗುವಂತೆಯೇ ಕೂಗುತ್ತ, ನಾಲ್ಕೂ ದಿಕ್ಕಿಗೆ ಭಜ್ಜಿ ಕಲಸಿದ ಚರಗ ಚೆಲ್ಲಿದಳು. ಜಲ್ಲಿಯ ತುಂಬ ಕಾಗೆಗಳು ಇಳಿದವು.

ಮಾಲೀಕ ಓಡಿ ಬಂದ. ಮರುದಿನ ಅಲ್ಲಿ ದೊಡ್ಡವರ ಮದುವೆ ಇತ್ತು, ಸುಣ್ಣ ತಿಕ್ಕಿಸಲು ಹೊತ್ತಿರಲಿಲ್ಲ. ಸುಣ್ಣದ ಕಲ್ಲು ನೋಡಿ ಜನ ನಗುತ್ತಾರೆ, ಸಂಜೆಯೊಳಗೆ ಎತ್ತಿಕೊಂಡು ಹೋಗಿ ಎಂದು ಕಿರುಚಿದ. ಅವ್ವ ಬುಟ್ಟಿ ಎತ್ತಿಕೊಂಡು ಅವನ ಟ್ರ್ಯಾಕ್ಟರಿನ ಕಡೆ ನಡೆದಳು. ಅವನದೇ ಟ್ರ್ಯಾಕ್ಟರಿನಲ್ಲಿ ಪಾಂಡವರು ಬನ್ನಿ ಗಿಡಕ್ಕೆ ಮರಳಿದರು. ಅವರನ್ನು ನಿಲ್ಲಿಸಿದ ಮೇಲೆ ಅವ್ವ ರೊಟ್ಟಿ ಮುರಿದಳು.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ ಅವನದೇ ಫೋನು. ಜಲ್ಲಿಯಲ್ಲಿ ಐದು ತಗ್ಗು ಬಿದ್ದಿವೆ, ಬೆಳಗಾಗುವುದರೊಳಗೆ ಏನಾದರೂ ತಂದು ತುಂಬಬೇಕಂತೆ.

“ಖಾಲಿನೇ ಚಂದ ಅಂತ ಊರಿಗೆಲ್ಲ ಹೇಳಾಕ ಹತ್ತಿದ್ರಿ,” ಎಂದೆ. “ಹಂಗೇ ಇರಲಿ ಬಿಡ್ರಿ.”