ಸಮಾಧಿಯಲ್ಲಿ ಸಿಕ್ಕಿಬಿದ್ದ ದೊರೆಸಾನಿ, ಆಪರೇಷನ್‌ಗೆ ಹೊರಟ ಅವ್ವ

ಗೆಳೆಯರೇ, ಇವತ್ತು ಹುಣಸೂರಿನ ಆಸ್ಪತ್ರೆಯಲ್ಲಿ ನಮ್ಮವ್ವನಿಗೆ ಪಿತ್ತಕೋಶದ ಆಪರೇಷನ್. ಹೆದರಿ ಬಿಳಿಚಿಕೊಂಡಿದ್ದವಳಿಗೆ ನಾನೊಂದು ಇಂಗ್ಲಿಷ್ ಪತ್ತೇದಾರಿ ಕಾದಂಬರಿಯನ್ನು ಕನ್ನಡದಲ್ಲಿ ಹೇಳುತ್ತಾ ಕೂತೆ. ವಿಕ್ಟೋರಿಯಾ ರಾಣಿಯ ಕಾಲದ ದೊರೆಸಾನಿಯೊಬ್ಬಳು ಈಜಿಪ್ಟಿನಲ್ಲಿ ಹಳೇ ಸಮಾಧಿಗಳನ್ನು ಅಗೆಸುತ್ತಾಳೆ, ಕಳ್ಳರಿಗೆ ಛತ್ರಿಯಲ್ಲೇ ಬಾರಿಸುತ್ತಾಳೆ. ಅವ್ವ ನೋವು ಮರೆತು ನಕ್ಕಳು. ಕೊಲೆಗಾರ ದೊರೆಸಾನಿಯನ್ನು ಸಮಾಧಿಯೊಳಗೆ ಕೂಡಿಹಾಕುವ ಹೊತ್ತಿಗೆ ಸರಿಯಾಗಿ ಸ್ಟ್ರೆಚರ್ ಬಂತು. ಅವ್ವ ನನ್ನ ಕೈ ಬಿಡಲೇ ಇಲ್ಲ.

“ಸತ್ತೋಯ್ತಾಳೇನೇ ಅವ್ಳು?”

“ಇಲ್ಲ ಕಣವ್ವ. ಅವ್ಳ ಕತೇವು ಇನ್ನೂ ಏಸೊಂದು ಪುಸ್ತಕ ಅವೆ.”

“ಅಂಗಾರೆ ನಡೀರಪ್ಪ,” ಎಂದು ಸ್ಟ್ರೆಚರ್ ತಂದವರಿಗೆ ಹೇಳಿ ಅವ್ವ ಒಳಗೆ ಹೋದಳು.

ಹೊರಗೆ ಕೂತ ನಾನು ಒಂದೇ ಪುಟವನ್ನು ಮತ್ತೆ ಮತ್ತೆ ಓದಿದೆ. ಏನೂ ತಲೆಗೆ ಹೋಗಲಿಲ್ಲ. ಕೊನೆಗೆ ಡಾಕ್ಟರು ಬಂದು, “ಎಲ್ಲಾ ಚೆನ್ನಾಗಾಯ್ತು, ಬಿಪಿ ಕೂಡ ನಾರ್ಮಲ್ ಇತ್ತು” ಎಂದರು. ಅದು ಅವ್ವನದು. ನನ್ನದನ್ನು ಯಾರೂ ನೋಡಲಿಲ್ಲ.