ತಲೆ ಸವರಿದ ಕೈ

ನಮ್ಮ ಡ್ರಾಯಿಂಗ್ ಮೇಷ್ಟ್ರ ಬಲಗೈ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಆ ಮೋಟುಬೆರಳಿಗೂ ಹೆಬ್ಬೆರಳಿಗೂ ನಡುವೆ ಸೀಮೆಸುಣ್ಣ ಸಿಕ್ಕಿಸಿಕೊಂಡು, ಕೈ ಎತ್ತದೆ ಒಂದೇ ಗೆರೆಯಲ್ಲಿ ಬಸವನನ್ನು ಬರೆದುಬಿಡುತ್ತಿದ್ದರು. ಜೇಬಿನಲ್ಲಿ ಸದಾ ಹುರಿಗಡಲೆ. ಬಣ್ಣದ ಪೆನ್ಸಿಲ್ ತರಲಾಗದವರಿಗೆ ಬೈಗುಳದ ಬದಲು ಅದು ಸಿಗುತ್ತಿತ್ತು.

ನಾನು ಹೂಗ್ಯಂ ಕಡೆಯ ಸೋಲಿಗರ ಹುಡುಗಿ. ಕೊಳ್ಳೇಗಾಲದ ಹಾಸ್ಟೆಲಿನಲ್ಲಿದ್ದುಕೊಂಡು ಏಳನೇ ತರಗತಿ ಓದುತ್ತಿದ್ದೆ. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಕಾಮಿಕ್ಸ್ ಬರೆಯುತ್ತಿದ್ದೆ: ಕಾಡು ಕಾಯುವ ಹುಡುಗಿ, ಅವಳೆದುರು ಕೊಂಬು, ಕೋರೆಹಲ್ಲಿನ ರಾಕ್ಷಸ. ಮೇಷ್ಟ್ರು ಕಡೆಯ ಪುಟದವರೆಗೂ ಓದಿದರು.

"ನಿನ್ನ ರಾಕ್ಷಸ ಸೋಲಕ್ಕೇ ಉಟ್ಟವ್ನೆ ಕಣಮ್ಮಿ. ಕೊಂಬಿರೋನ್ನ ಕಂಡ್ರೆ ಯಾರಾದ್ರೂ ಉಸಾರಾಯ್ತಾರೆ. ನಿನ್ನ ಹುಡುಗೀನ ಚೆನ್ನಾಗಿ ಬಲ್ಲೋನ್ನ ಬರಿ. ಅವ್ಳ ಒಳ್ಳೇತನ ಎಲ್ಲದೆ ಅಂತ ನೋಡಿ, ಅಲ್ಲಿಗೇ ಕೈ ಹಾಕೋನ್ನ."

ಅಂಥವನು ನಮ್ಮ ಶಾಲೆಯಲ್ಲೇ ಇದ್ದ. ಆಡಳಿತ ಮಂಡಳಿಯ ಕಾರ್ಯದರ್ಶಿ. ಮೇಷ್ಟ್ರ ಬಾಲ್ಯದ ಗೆಳೆಯ. ಅವರಿಗೆ ಕೆಲಸ ಕೊಡಿಸಿದವನೂ ಅವನೇ.

ನಮ್ಮ ಕ್ಲಾಸಿನಲ್ಲಿ ಅವನು ಗೊತ್ತುಮಾಡಿದ್ದ ಕಕ್ಕಸು ತೊಳೆಯುವ ಪಾಳಿ ಬರುತ್ತಿದ್ದುದು ಕಾಡಿನಿಂದ ಬಂದ ನಮ್ಮ ಮೂವರಿಗೆ ಮಾತ್ರ. ಇದು ಗೊತ್ತಾದ ದಿನವೇ ಮೇಷ್ಟ್ರು ಶಿಕ್ಷಣ ಇಲಾಖೆಗೆ ದೂರು ಬರೆದರು. ವಿಚಾರಣೆಗೆ ಅಧಿಕಾರಿ ಬಂದರು. ಕಾರ್ಯದರ್ಶಿ ಕೂಗಾಡಲಿಲ್ಲ. ನನ್ನನ್ನು ಇಡೀ ಶಾಲೆಯ ಮುಂದೆ ನಿಲ್ಲಿಸಿ, ತಲೆ ಸವರಿ ಕೇಳಿದ: "ಹೇಳು ಮಗಳೇ, ನಿನ್ನ ಕೈಲಿ ಕಕ್ಕಸು ತೊಳೆಸಿದೋರು ಯಾರು?"

ಮಕ್ಕಳು ಕಿಸಕ್ಕನೆ ನಕ್ಕರು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಕೇಳಿದ್ದು ನನ್ನನ್ನಾದರೂ ಅವನ ಕಣ್ಣು ಮೇಷ್ಟ್ರ ಮುಖದ ಮೇಲಿತ್ತು.

"ಬುಡಿ ಸಾ," ಎಂದರು ಮೇಷ್ಟ್ರು ಅಧಿಕಾರಿಗೆ. "ನಾನೇ ತಪ್ ತಿಳ್ಕಂಡಿದ್ದೆ."

ಸುಳ್ಳು ದೂರು ಕೊಟ್ಟರೆಂದು ಅದೇ ವಾರ ಅವರನ್ನು ತೆಗೆದುಹಾಕಿದರು. ಆಮೇಲೆ ಯಳಂದೂರಿನಲ್ಲಿ ಅಂಗಡಿಗಳ ಬೋರ್ಡು ಬರೆದುಕೊಂಡಿದ್ದರು. ದೊಡ್ಡವಳಾದ ಮೇಲೆ ಹುಡುಕಿಕೊಂಡು ಹೋಗಿ ಸಿಟ್ಟಿನಿಂದಲೇ ಕೇಳಿದೆ: "ಯಾಕ್ ಸಾ ಸೋತ್ರಿ? ನಾನು ಅತ್ರೆ ಅಳ್ತಿದ್ದೆ. ನಿಜ ಈಚೆಗ್ ಬತ್ತಿತ್ತಲ್ಲ?"

"ನಿಂಗಾಗ ಇನ್ನೂ ಅನ್ನೆರ್ಡು ವರ್ಸ ಕಣಮ್ಮಿ," ಎಂದರು ಕುಂಚ ತೊಳೆಯುತ್ತಾ. "ನಾನು ಬುಟ್‌ಬುಡ್ತೀನಿ ಅಂತ ಅವ್ನಿಗೆ ಗೊತ್ತಿತ್ತು. ಜೊತೇಲೇ ಬೆಳ್ದೋನಲ್ವಾ."

ಆ ಉತ್ತರದಿಂದ ನನ್ನ ಸಿಟ್ಟು ಆರಲಿಲ್ಲ. ಒಬ್ಬರ ಕರುಣೆಯನ್ನೇ ಅವರ ಕೊರಳಿಗೆ ಹಗ್ಗ ಮಾಡಿದವನ ಮೇಲೆ, ಬಾಯಿ ಬಿಡದ ನನ್ನ ಮೇಲೆ, ನನ್ನನ್ನೊಂದು ಮಾತೂ ಕೇಳದೆ ಸೋತ ಮೇಷ್ಟ್ರ ಮೇಲೂ. ನಾನೀಗ ಕಾಮಿಕ್ಸ್ ಬರೆದೇ ಬದುಕುತ್ತೇನೆ. ಖಳನ ಚಿತ್ರಕ್ಕೆ ಕೂತಾಗಲೆಲ್ಲ ಪೆನ್ಸಿಲ್ ಮುರಿಯುವಷ್ಟು ಒತ್ತುತ್ತೇನೆ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಶಾಲೆಯಲ್ಲಿ ಸಂತಾಪ ಸಭೆ ಕರೆದವನು ಅದೇ ಕಾರ್ಯದರ್ಶಿ. ಫೋಟೋಗೆ ಹಾರ ಹಾಕಿ, "ನನ್ನ ಪ್ರಾಣಸ್ನೇಹಿತ" ಎಂದು ಬಿಕ್ಕಿದ. ಕಣ್ಣೀರು ನಿಜವಾದದ್ದೇ. ಅದೇ ನನ್ನ ಮೈ ಉರಿಸಿತು. ಎದ್ದು ನಿಂತೆ.

"ಈ ಶಾಲೆ ಕಕ್ಕಸ್ ತೊಳ್ದೋಳು ನಾನು. ತೊಳೆಸ್ದೋರು ನೀವು. ಮೇಷ್ಟ್ರು ಬರ್ದಿದ್ದು ನಿಜ."

ಅವನು ಕಣ್ಣೊರೆಸಿಕೊಂಡು, "ಪಾಪ, ದುಃಖದಲ್ಲಿ ಅವ್ಳೆ. ಯಾರಾದ್ರೂ ನೀರು ಕೊಡ್ರಪ್ಪ" ಎಂದ, ಅದೇ ಮೆಲುದನಿಯಲ್ಲಿ.

ನೀರು ಬಂತು. ಮುಟ್ಟಲಿಲ್ಲ. ಮೊದಲಿನಿಂದ, ಇನ್ನೂ ಗಟ್ಟಿಯಾಗಿ ಹೇಳತೊಡಗಿದೆ.