ಸೀಲ್ ಮಾಡಿದ ಪ್ಯಾಕೆಟ್ ಮತ್ತೆ ಬಿಚ್ಚುವ ಆಂಟಿ

ಗೆಳೆಯರೇ, ಇವತ್ತು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಮೂವರು ಹುಡುಗಿಯರು ತುಂಬಿದ ಸಭೆಯ ಮುಂದೆ ನನ್ನ ಗುಟ್ಟು ಬಯಲು ಮಾಡಿದರು.

ಒಂಬತ್ತನೇ ತರಗತಿಯ ಮಕ್ಕಳು ಹತ್ತಿರದ ಸಣ್ಣ ವ್ಯಾಪಾರವೊಂದರ ತೊಂದರೆ ಹುಡುಕಿ ಪರಿಹಾರ ಹೇಳುವ ಸ್ಪರ್ಧೆ ಅದು. ಈ ಮೂವರಿಗೆ ಸಿಕ್ಕಿದ್ದು ನಾನು ಮನೆಯಲ್ಲಿ ಮಾಡಿ ಮಾರುವ ಮಕ್ಕಳ ರಾಗಿಸರಿ ಹಿಟ್ಟು. ಮನೆಗೆ ಬಂದು ನನ್ನ ಕೆಲಸ ನೋಡಿಕೊಂಡು ಹೋಗಿದ್ದರು; ಲೇಬಲ್ ಬದಲಿಸಿ ಎನ್ನುತ್ತಾರೆ ಎಂದುಕೊಂಡಿದ್ದೆ.

ತಂಡದ ಲೀಡರ್ ಚೈತ್ರ ಮೈಕ್ ಹಿಡಿದಳು. "ಹಿಟ್ಟು ಸೂಪರ್ ಸಾರ್. ಪ್ರಾಬ್ಲಂ ಆಂಟೀನೇ. ಪ್ಯಾಕೆಟ್ ಸೀಲ್ ಮಾಡ್ತಾರೆ, ಹಸಿ ವಾಸನೆ ಇದೆಯೇನೋ ಅಂತ ಭಯ ಬಿದ್ದು ಮತ್ತೆ ಕಟ್ ಮಾಡಿ ಮೂಸ್ತಾರೆ. ಅದಕ್ಕೇ ಆರ್ಡರ್ ಲೇಟು."

ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿ ನನ್ನ ಗಿರಾಕಿಗಳೇ ಕೂತಿದ್ದರು.

"ಏನಮ್ಮಾ, ನಿಜಾನಾ?" ಎಂದರು ತೀರ್ಪುಗಾರರು ನನ್ನತ್ತ ತಿರುಗಿ.

ಇಲ್ಲ ಎಂದರೆ ಹುಡುಗಿಯರು ಸೋಲುತ್ತಿದ್ದರು. ಹೌದು ಎಂದರೆ ಗಿರಾಕಿಗಳು ಕೈಬಿಡಬಹುದಿತ್ತು. ನಿದ್ದೆಗೆಟ್ಟ ಕಣ್ಣಿನಲ್ಲೇ ಎದ್ದು ನಿಂತೆ. "ನಿಜ ಸಾರ್. ನನ್ನ ಏಳು ತಿಂಗಳ ಮಗೂನೂ ಇದನ್ನೇ ತಿನ್ನುತ್ತೆ. ಭಯ ಇಲ್ದೆ ಹೇಗೆ ಮಾಡ್ಲಿ?"

ಚೈತ್ರಳ ಪರಿಹಾರ ಸುಲಭದ್ದು. ಪ್ರತಿ ಸಲ ಬೀಸಿಸಿದ ಹಿಟ್ಟಿನಲ್ಲಿ ಒಂದು ಹಿಡಿಯನ್ನು ತಾರೀಖು ಬರೆದ ಬಾಟಲಿಯಲ್ಲಿ ಎತ್ತಿಡಬೇಕು. ಅನುಮಾನ ಬಂದರೆ ಬಾಟಲಿ ಮೂಸಬೇಕು, ಪ್ಯಾಕೆಟ್ ಮುಟ್ಟಬಾರದು.

ಅವರಿಗೆ ಎರಡನೇ ಬಹುಮಾನ ಬಂತು. ಮೊದಲನೆಯದು ಪಂಕ್ಚರ್ ಅಂಗಡಿಯ ತಂಡಕ್ಕೆ. ಹೊರಗೆ ಗಿರಾಕಿಯೊಬ್ಬರು ನನ್ನನ್ನು ತಡೆದು ಎರಡು ಪ್ಯಾಕೆಟ್ ಕೇಳಿದರು. "ಇಷ್ಟು ಭಯ ಇರೋರ ಹತ್ರಾನೇ ತಗೋಬೇಕು ಕಣ್ರೀ."

ಆ ಎರಡೂ ಈಗ ಸೀಲ್ ಆಗಿ ಕೂತಿವೆ, ಬಿಚ್ಚಿಲ್ಲ. ಬಾಟಲಿಯನ್ನು ಮಾತ್ರ ಮೂರು ಸಲ ಮೂಸಿದೆ. ಅದಕ್ಕೆ ಚೈತ್ರಳ ಒಪ್ಪಿಗೆ ಇದೆ.